ಅನ್ನನಾಳದ ಕ್ಯಾನ್ಸರ್‌ಗೆ ಕೀಹೋಲ್ ಆಪರೇಷನ್: ಅಮ್ಮಂಗೆ ಮಾಡಿಸಿದ ಮೇಲೆ ನನ್ನ ರಿವ್ಯೂ

ಮೊದಲೇ ಮಾರ್ಕ್ಸ್ ಹೇಳ್ಬಿಡ್ತೀನಿ. ಆಪರೇಷನ್‌ಗೆ 5ಕ್ಕೆ 5. ಐಸಿಯು, ವಾರ್ಡ್ ನರ್ಸ್‌ಗಳು, ಫಿಸಿಯೋಥೆರಪಿ, ಇವಕ್ಕೂ 5ಕ್ಕೆ 5, ಇನ್ನೂ ಜಾಸ್ತಿ ಕೊಡೋ ಹಾಗಿದ್ರೆ ಅದನ್ನೂ ಕೊಡ್ತಿದ್ದೆ. ಡಿಸ್ಚಾರ್ಜ್ ಮಾಡುವಾಗ ಊಟದ ಬಗ್ಗೆ ಕೊಟ್ಟ ಮಾಹಿತಿಗೆ 2. ಬಿಲ್ಲಿಂಗ್ ಕೌಂಟರ್‌ಗೆ 2. ಬೆಂಗಳೂರಿನ ಒಂದು ಪ್ರೈವೇಟ್ ಆಸ್ಪತ್ರೆ, ಹೆಸರು ಹಾಕ್ತಿಲ್ಲ. ಕೀಹೋಲ್ ಅಂದ್ರೆ ಉದ್ದಕ್ಕೆ ಕೊಯ್ಯದೆ ಸಣ್ಣ ತೂತುಗಳಿಂದ ಮಾಡೋದು, ಈ ಆಪರೇಷನ್ ಈಗ ಸುಮಾರು ಕಡೆ ಮಾಡ್ತಾರೆ, ನೀವು ಎಲ್ಲಿ ಮಾಡಿಸಿದ್ರೂ ಏನೇನು ನೋಡ್ಕೋಬೇಕು ಅನ್ನೋದು ಗೊತ್ತಾದ್ರೆ ಸಾಕು ಅಂತ ಬರೀತಿದ್ದೀನಿ, ಯಾಕಂದ್ರೆ ನಾವು ಹುಡುಕುವಾಗ ಕನ್ನಡದಲ್ಲಿ ಒಬ್ಬರೂ ಪೂರ್ತಿಯಾಗಿ ಬರೆದಿದ್ದು ನಂಗೆ ಸಿಗಲಿಲ್ಲ.

ನಮ್ಮದು ತಿಪಟೂರು ಕಡೆ. ಮುದ್ದೆ ನುಂಗೋ ಜನ. ಮುದ್ದೆನ ಅಗಿಯಲ್ಲ ಅಲ್ವಾ, ಸಾರಲ್ಲಿ ಅದ್ದಿ ಹಂಗೇ ನುಂಗೋದು, ಅದಕ್ಕೇ ಅನ್ನನಾಳದಲ್ಲಿ ಏನಾದ್ರೂ ಅಡ್ಡ ಬೆಳೀತಿದ್ರೆ ನಮ್ಮ ಕಡೆಯವರಿಗೆ ಅದು ಮೊದಲು ಗೊತ್ತಾಗೋದೇ ಮುದ್ದೇಲಿ. ಅಮ್ಮ "ಯಾಕೋ ಎದೆ ಹತ್ರ ನಿಂತ್ಕೊಳುತ್ತೆ" ಅಂತ ಮುದ್ದೆ ಬಿಟ್ಟು ಅನ್ನಕ್ಕೆ ಬಂದ್ಲು, ಆಮೇಲೆ ಅನ್ನನ ಕಿವುಚಿ ತಿನ್ನೋಕೆ ಶುರು ಮಾಡಿದ್ಲು, ಆಮೇಲೆ ಬರೀ ಗಂಜಿ, ಅಷ್ಟರಲ್ಲಿ ಕುಪ್ಪಸ ಎಲ್ಲ ಸಡಿಲ ಆಗಿತ್ತು. ಊರಿನ ಒಂದು ಕ್ಲಿನಿಕ್‌ನಲ್ಲಿ ತಿಂಗಳುಗಟ್ಟಲೆ ಗ್ಯಾಸ್ ಮಾತ್ರೆ ಕೊಟ್ಟಿದ್ರು. ಎಂಡೋಸ್ಕೋಪಿ ಮಾಡಿಸಿದಾಗ ಅನ್ನನಾಳದ ಮಧ್ಯಭಾಗದಲ್ಲಿ ಗಡ್ಡೆ, ಬಯಾಪ್ಸಿಲಿ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ, ಅಂದ್ರೆ ಅನ್ನನಾಳದ ಒಳಪದರದಲ್ಲಿ ಹುಟ್ಟೋ ಕ್ಯಾನ್ಸರ್, ಅಂತ ಬಂತು. ಡಾಕ್ಟರ್ ಮೊದಲು ಕೇಳಿದ ಪ್ರಶ್ನೆನೇ "ಎಲೆ ಅಡಿಕೆ ಹಾಕ್ತೀರಾಮ್ಮ, ಜೊತೆಗೆ ಹೊಗೆಸೊಪ್ಪು?" ಅಂತ. ಅಮ್ಮ ಮದುವೆಯಾಗಿ ಬಂದಾಗಿನಿಂದ ಕಡ್ಡಿಪುಡಿ ಹಾಕ್ತಿದ್ಲು. ತಂಬಾಕು, ಅಡಿಕೆ, ಮದ್ಯ, ತೀರಾ ಬಿಸಿಬಿಸಿ ಕಾಫಿ ಟೀ ಕುಡಿಯೋದು, ಇವೆಲ್ಲ ಈ ಕ್ಯಾನ್ಸರ್‌ಗೆ ಕಾರಣಗಳ ಪಟ್ಟಿಲಿರೋವೇ.

ನಾವೆಲ್ಲ ಆಪರೇಷನ್ ನಾಳೆನೇ ಮಾಡ್ತಾರೆ ಅಂದ್ಕೊಂಡು ಬ್ಯಾಗ್ ತಗೊಂಡು ಹೋಗಿದ್ವಿ. ಅವರು ಪೆಟ್ ಸ್ಕ್ಯಾನ್ ಮಾಡಿಸಿ, ಬೇರೆ ಕಡೆ ಹರಡಿಲ್ಲ ಅಂತ ಖಾತ್ರಿ ಮಾಡ್ಕೊಂಡು, ಮೊದಲು ಕೀಮೋ ಜೊತೆ ರೇಡಿಯೇಷನ್ ಅಂದ್ರು. ವಾರಕ್ಕೊಂದು ಸಲ ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಕೀಮೋ ಔಷಧಿ, 5 ವಾರ, ಜೊತೆಗೆ 23 ಸಿಟ್ಟಿಂಗ್ ರೇಡಿಯೇಷನ್, ಒಟ್ಟು 41.4 ಗ್ರೇ (ಗ್ರೇ ಅಂದ್ರೆ ರೇಡಿಯೇಷನ್ ಅಳತೆ). ಇದು ನೆದರ್ಲೆಂಡ್ಸ್‌ನವರ ಕ್ರಾಸ್ ಅನ್ನೋ ಅಧ್ಯಯನದಿಂದ ಬಂದ ಲೆಕ್ಕ, 2012ರಲ್ಲಿ ಪ್ರಕಟ ಆಗಿದ್ದು. ಬರೀ ಆಪರೇಷನ್ ಆದವರಲ್ಲಿ ಬದುಕಿದ್ದ ಅವಧಿಯ ಮೀಡಿಯನ್, ಅಂದ್ರೆ ಅರ್ಧದಷ್ಟು ಜನ ದಾಟಿದ ಅವಧಿ, 24 ತಿಂಗಳು, ಮೊದಲು ಇದನ್ನ ಕೊಟ್ಟು ಆಮೇಲೆ ಆಪರೇಷನ್ ಮಾಡಿದವರಲ್ಲಿ 49 ತಿಂಗಳು. ಹಂಗಾಗಿ ಯಾರಾದ್ರೂ ಇಷ್ಟು ದೊಡ್ಡ ಗಡ್ಡೆಗೆ ನೇರವಾಗಿ "ಬನ್ನಿ ನಾಳೆ ತೆಗೆದುಬಿಡೋಣ" ಅಂದ್ರೆ ಯಾಕೆ ಅಂತ ಕೇಳಿ. ಗಡ್ಡೆ ಒಳಪದರದಲ್ಲೇ ಇದ್ರೆ ಮಾತು ಬೇರೆ, ಅಂಥದ್ದನ್ನ ಎಂಡೋಸ್ಕೋಪಿಲೇ ಪದರ ಬಿಡಿಸಿ ತೆಗೀತಾರೆ, ಹೊಟ್ಟೆನೂ ಎದೆನೂ ಮುಟ್ಟೋದೇ ಬೇಡ, ಜಪಾನಿನವರು ಅದರಲ್ಲಿ ಪಳಗಿದವರು. ನಮ್ಮಲ್ಲಿ ಅಷ್ಟು ಬೇಗ ಯಾರು ಬರ್ತಾರೆ ಹೇಳಿ.

ಸರಿ, ಆಪರೇಷನ್ ವಿಷಯ. ಸರ್ಜನ್ ಒಂದು ಹಾಳೆ ಮೇಲೆ ಪೆನ್ನಲ್ಲಿ ಬರೆದು ತೋರಿಸಿದ್ರು, ಆ ಹಾಳೆ ಇನ್ನೂ ನಮ್ಮ ಫೈಲಲ್ಲಿದೆ. ಮೂರು ಹಂತ. ಮೊದಲು ಎದೆ: ಬಲಗಡೆ ಪಕ್ಕೆಲುಬಿನ ನಡುವೆ ಮೂರು ನಾಲ್ಕು ಸಣ್ಣ ತೂತು, ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದನೆ ಉಪಕರಣ, ಅನ್ನನಾಳನ ಸುತ್ತಲಿಂದ ಬಿಡಿಸಿ ಅಕ್ಕಪಕ್ಕದ ಲಿಂಫ್ ಗ್ರಂಥಿಗಳನ್ನೂ ಕೆರೆದು ತೆಗೆಯೋದು. ಆಮೇಲೆ ಹೊಟ್ಟೆ: ಅಲ್ಲೂ ಸಣ್ಣ ತೂತುಗಳೇ, ಜಠರನ ಸ್ಟೇಪ್ಲರ್ ಹಾಕಿ ಉದ್ದಕ್ಕೆ ಕತ್ತರಿಸಿ ಒಂದು ಕೊಳವೆ ಮಾಡೋದು. ಕೊನೆಗೆ ಕುತ್ತಿಗೆ: ಎಡಗಡೆ ಒಂದು ಚಿಕ್ಕ ಗಾಯ ಮಾಡಿ, ಆ ಕೊಳವೆನ ಎದೆ ಒಳಗಿಂದ ಮೇಲಕ್ಕೆ ಎಳ್ಕೊಂಡು ಉಳಿದಿರೋ ಅನ್ನನಾಳಕ್ಕೆ ಜೋಡಿಸೋದು. ಅಂದ್ರೆ ಅನ್ನನಾಳದ ಬಹುಪಾಲು ಹೋಗುತ್ತೆ, ಹೊಟ್ಟೆನೇ ಅನ್ನನಾಳ ಆಗುತ್ತೆ. ಇದನ್ನ ಕೇಳಿ ತಮ್ಮ ಎದ್ದು ಹೊರಗೆ ಹೋದ. ಅಮ್ಮ ಮಾತ್ರ ಹಾಳೆ ನೋಡ್ತಾ "ಹಂಗಾದ್ರೆ ಹೊಟ್ಟೆಲಿ ಊಟ ಎಲ್ಲಿ ನಿಲ್ಲುತ್ತೆ ಸ್ವಾಮಿ" ಅಂತ ಕೇಳಿದ್ಲು. ಅವರು "ಜಾಸ್ತಿ ನಿಲ್ಲಲ್ಲಮ್ಮ, ಅದಕ್ಕೇ ಸ್ವಲ್ಪ ಸ್ವಲ್ಪ ತಿನ್ಬೇಕು, ಜೀವನಪೂರ್ತಿ" ಅಂದ್ರು. ಮುಚ್ಚಿಡದೆ ಹೇಳಿದ್ದು ನಂಗೆ ತುಂಬಾ ಹಿಡಿಸ್ತು.

ಇಲ್ಲಿ ಒಂದು ಮಾತು. ಕೀಹೋಲ್ ಅಂದ ತಕ್ಷಣ ನಮ್ಮ ನೆಂಟರೆಲ್ಲ "ಓ ಲ್ಯಾಪ್ರೋಸ್ಕೋಪಿನಾ, ಹಂಗಾದ್ರೆ ಎರಡು ದಿನಕ್ಕೆ ಮನೆ" ಅಂದ್ಬಿಟ್ರು, ಪಿತ್ತಕೋಶದ ಕಲ್ಲು ತೆಗೆಸಿದ ಹಾಗೆ ಅಂದ್ಕೊಂಡು. ಗಾಯ ಚಿಕ್ಕದು ನಿಜ, ಒಳಗೆ ನಡೆಯೋ ಕೆಲಸ ಮಾತ್ರ ಓಪನ್ ಆಪರೇಷನ್‌ನಷ್ಟೇ ದೊಡ್ಡದು, ಹೊಟ್ಟೆ ಎದೆ ಕ್ಯಾನ್ಸರ್ ಆಪರೇಷನ್‌ಗಳಲ್ಲೇ ಭಾರಿ ಪೈಕಿ. ಬೆಳಿಗ್ಗೆ ಒಳಗೆ ಕರ್ಕೊಂಡು ಹೋದವರು ಸಂಜೆ ಹೊರಗೆ ಬಂದ್ರು. ಹಂಗಾದ್ರೆ ಕೀಹೋಲ್‌ನಿಂದ ಲಾಭ ಏನು ಅಂದ್ರೆ, ಉಸಿರು. ಹಳೇ ಪದ್ಧತಿಲಿ ಬಲಪಕ್ಕೆನ ಉದ್ದಕ್ಕೆ ಕೊಯ್ದು ಪಕ್ಕೆಲುಬು ಅಗಲಿಸಿ ಕೆಲಸ ಮಾಡ್ತಿದ್ರು, ಆಮೇಲೆ ಆ ನೋವಿಗೆ ರೋಗಿ ಕೆಮ್ಮೋಕೆ ಹೆದರ್ತಾನೆ, ಕೆಮ್ಮದಿದ್ರೆ ಕಫ ಒಳಗೇ ಉಳಿಯುತ್ತೆ, ಕಫ ಉಳಿದ್ರೆ ನ್ಯುಮೋನಿಯಾ. ಈ ಆಪರೇಷನ್ ಆದವರನ್ನ ಹೆಚ್ಚಾಗಿ ಕಾಡೋದೇ ಈ ಶ್ವಾಸಕೋಶದ ತೊಂದರೆ.

ಎದೆ ಒಳಗೆ ಕ್ಯಾಮೆರಾ ಹಾಕಿ ಅನ್ನನಾಳ ಬಿಡಿಸೋದನ್ನ 1992ರಲ್ಲಿ ಸ್ಕಾಟ್ಲೆಂಡ್‌ನ ಡಂಡೀಲಿ ಆಲ್ಫ್ರೆಡ್ ಕುಶಿಯೆರಿ ಅನ್ನೋ ಸರ್ಜನ್ ವರದಿ ಮಾಡಿದ್ರು. ಆದ್ರೆ ಅಮ್ಮಂಗೆ ಮಾಡಿದ ಹಾಗೆ ರೋಗಿನ ಬೋರಲು ಮಲಗಿಸಿ ಮಾಡೋ ವಿಧಾನ ಜಗತ್ತಿಗೆ ಚೆನ್ನಾಗಿ ಪರಿಚಯ ಆಗಿದ್ದು ನಮ್ಮ ಪಕ್ಕದ ಕೊಯಮತ್ತೂರಿಂದ. ಅಲ್ಲಿನ ಜೆಮ್ ಆಸ್ಪತ್ರೆಯ ಡಾ. ಸಿ. ಪಳನಿವೇಲು ಮತ್ತು ಅವರ ತಂಡ 130 ರೋಗಿಗಳ ಅನುಭವನ 2006ರಲ್ಲಿ ಅಮೆರಿಕದ ಸರ್ಜರಿ ಜರ್ನಲ್‌ನಲ್ಲಿ ಪ್ರಕಟಿಸಿದ್ರು. ಬೋರಲು ಮಲಗಿಸಿದ್ರೆ ಶ್ವಾಸಕೋಶ ತನ್ನ ತೂಕಕ್ಕೇ ಮುಂದಕ್ಕೆ ಜಾರುತ್ತೆ, ರಕ್ತನೂ ಕೆಳಗೆ ಹರಿಯುತ್ತೆ, ಬೆನ್ನಿನ ಕಡೆ ಇರೋ ಅನ್ನನಾಳ ಕ್ಯಾಮೆರಾಗೆ ನೇರ ಕಾಣುತ್ತೆ, ಶ್ವಾಸಕೋಶನ ಉಪಕರಣದಿಂದ ತಳ್ಳಿ ಹಿಡಿಯೋ ಕೆಲಸ ತಪ್ಪುತ್ತೆ. ಇದನ್ನ ನಮ್ಮ ಸರ್ಜನ್ ಹೇಳುವಾಗ ಹೆಮ್ಮೆಯಿಂದ ಹೇಳಿದ್ರು, ನಂಗೂ ಹೆಮ್ಮೆ ಆಯ್ತು. ನಮ್ಮ ದಕ್ಷಿಣದ ಒಂದು ಊರಲ್ಲಿ ಹದ ಮಾಡಿದ ವಿಧಾನನ ಯುರೋಪಿನವರು ಅಳೆದು ತೂಗಿ ನೋಡಿದ್ರು ಅಂದ್ರೆ ಸಣ್ಣ ಮಾತಾ.

ಅಳೆದು ನೋಡಿದ್ದು ಹೇಗೆ ಅಂದ್ರೆ, ನೆದರ್ಲೆಂಡ್ಸ್, ಸ್ಪೇನ್, ಇಟಲಿಯ ಒಟ್ಟು 5 ಆಸ್ಪತ್ರೆಗಳಲ್ಲಿ 115 ರೋಗಿಗಳನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಓಪನ್, ಇನ್ನೊಂದಕ್ಕೆ ಕೀಹೋಲ್ ಮಾಡಿದ್ರು, ಕೀಹೋಲ್ ಗುಂಪಿನವರನ್ನ ಬೋರಲು ಮಲಗಿಸಿಯೇ. ಮೊದಲ ಎರಡು ವಾರದಲ್ಲಿ ಶ್ವಾಸಕೋಶದ ಸೋಂಕು ಓಪನ್‌ನಲ್ಲಿ 29%, ಕೀಹೋಲ್‌ನಲ್ಲಿ 9%. ಇದು 2012ರಲ್ಲಿ ಬಂದ 'ಟೈಮ್' ಅನ್ನೋ ಹೆಸರಿನ ಟ್ರಯಲ್. ಆಮೇಲೆ ಫ್ರಾನ್ಸ್‌ನವರು 207 ಜನರಲ್ಲಿ ಹೊಟ್ಟೆ ಭಾಗ ಮಾತ್ರ ಲ್ಯಾಪ್ರೋಸ್ಕೋಪಿ, ಎದೆ ಓಪನ್, ಹೀಗೆ ಅರ್ಧಂಬರ್ಧ ಮಾಡಿ ನೋಡಿದ್ರು, ಅದರಲ್ಲೂ ದೊಡ್ಡ ತೊಡಕುಗಳು 64%ರಿಂದ 36%ಗೆ ಇಳಿದಿದ್ವು, 2019ರಲ್ಲಿ ಬಂತು. ಆದ್ರೆ ಒಂದು ಗಮನಿಸಿ, ಟೈಮ್ ಟ್ರಯಲ್‌ನವರು 3 ವರ್ಷ ಆದ್ಮೇಲೆ ನೋಡಿದಾಗ ಬದುಕುಳಿದವರ ಪ್ರಮಾಣದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳೋ ವ್ಯತ್ಯಾಸ ಸಿಗಲಿಲ್ಲ. ಕೀಹೋಲ್ ಮಾಡಿದ್ರೆ ಕ್ಯಾನ್ಸರ್ ಜಾಸ್ತಿ ವಾಸಿ ಆಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಆಪರೇಷನ್ ಆದ್ಮೇಲಿನ ದಿನಗಳನ್ನ ದಾಟೋದು ಸುಲಭ ಆಗುತ್ತೆ, ಅಮ್ಮನ ವಯಸ್ಸಿಗೆ ಅದೇ ದೊಡ್ಡದು.

ಈಗ ನಾನು 5ಕ್ಕೆ 5 ಕೊಟ್ಟ ಆ ವಾರ್ಡ್ ಬಗ್ಗೆ. ಆಪರೇಷನ್‌ಗೆ ಎಷ್ಟೋ ದಿನ ಮುಂಚೆನೇ ಫಿಸಿಯೋ ಹುಡುಗಿ ಅಮ್ಮನ ಕೈಗೆ ಮೂರು ಬಾಲಿನ ಆ ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ಲು, ಸ್ಪೈರೋಮೀಟರ್, ಮೇಲೆ 600, 900, 1200 ಅಂತ ಬರೆದಿರುತ್ತೆ. ಊದೋದಲ್ಲ, ಒಳಕ್ಕೆ ಎಳೀಬೇಕು, ಎಳೆದು ಬಾಲನ್ನ ಮೇಲೆ ನಿಲ್ಲಿಸ್ಬೇಕು. ಎಷ್ಟೋ ಜನ ಉಲ್ಟಾ ಊದ್ತಾ ಕೂತಿರ್ತಾರೆ, ಅದಕ್ಕೇ ಹೇಳ್ದೆ. ಆಪರೇಷನ್ ಆದ ಮಾರನೇ ದಿನ ಬೆಳಿಗ್ಗೆ ಐಸಿಯುಲಿ ನೋಡಿದ್ರೆ ಅಮ್ಮನ ಮೈತುಂಬ ಪೈಪು: ಮೂಗಲ್ಲಿ ರೈಲ್ಸ್ ಟ್ಯೂಬ್, ಪಕ್ಕೆಲಿ ಎದೆ ಡ್ರೈನು ಅದರ ತುದಿಲಿ ನೀರಿನ ಬಾಟಲ್, ಹೊಟ್ಟೆಲಿ ಕರುಳಿಗೆ ಹಾಕಿದ ಊಟದ ಪೈಪು, ಬೆನ್ನಲ್ಲಿ ನೋವಿಗೆ ಎಪಿಡ್ಯೂರಲ್, ಯೂರಿನ್ ಪೈಪು. ಅಂಥಾ ಸ್ಥಿತಿಲಿ ಆ ಹುಡುಗಿ ಬಂದು "ಅಮ್ಮಾ ಗುಡ್ ಮಾರ್ನಿಂಗ್, ಏಳೋಣ್ವಾ" ಅಂದ್ಲು. ನಂಗೆ ಕೋಪ ಬಂತು. ಆದ್ರೆ ಅವಳು ಒಂದು ದಿಂಬನ್ನ ಅಮ್ಮನ ಎದೆಗೆ ಒತ್ತಿಕೊಳ್ಳೋಕೆ ಕೊಟ್ಟು, ಪಕ್ಕೆಗೆ ತನ್ನ ಅಂಗೈ ಕೊಟ್ಟು, "ಈಗ ದಿಂಬು ಗಟ್ಟಿಯಾಗಿ ತಬ್ಕೊಂಡು ಕೆಮ್ಮಿ, ನಾನು ಹಿಡ್ಕೊಂಡಿದ್ದೀನಿ" ಅಂತ ಕೆಮ್ಮಿಸಿದ್ಲು. ಮೊದಲ್ನೇ ಸಲ ಬರೀ ಗಾಳಿ, ಎರಡನೇ ಸಲ ಕಫ ಬಂತು. ಬಾಟಲಲ್ಲಿ ಗುಳುಗುಳು ಅಂತ ಗುಳ್ಳೆ ಎದ್ದು ನಿಂತ್ವು. ಆಮೇಲೆ ಕಾಲು ಕೆಳಗೆ ಬಿಡಿಸಿ, ಬಾಟಲನ್ನ ಒಬ್ಬ ನರ್ಸ್ ಕೈಲಿ ಹಿಡ್ಕೊಂಡು, ಮಂಚದಿಂದ ಕುರ್ಚಿಗೆ. ಎದೆ ತೆರೆದು ಮಾಡಿದ್ರೆ ಇಷ್ಟು ಬೇಗ ಇದು ಆಗ್ತಿರಲಿಲ್ಲ ಅಂತ ಅಲ್ಲಿದ್ದ ಹಿರಿಯ ಸಿಸ್ಟರ್ ಹೇಳಿದ್ರು, ಅವರು ಎರಡೂ ಕಾಲ ನೋಡಿದವರು. ದಿನಕ್ಕೆ ಎಷ್ಟೋ ಸಲ ಇದೇ ಕೆಲಸ, ಭಾನುವಾರನೂ ಬಿಡಲಿಲ್ಲ. ನನ್ನ ಪ್ರಕಾರ ಸರ್ಜನ್ ಕೈಚಳಕದಷ್ಟೇ ತೂಕ ಇದಕ್ಕೂ ಇದೆ. ಕೀಹೋಲ್ ಮಾಡಿ ಆಮೇಲೆ ರೋಗಿನ ಮಲಗಿಸೇ ಇಟ್ರೆ ಆ ಸಣ್ಣ ತೂತಿನ ಲಾಭ ಎಲ್ಲ ನೀರುಪಾಲು.

ಆ ವಾರ ಎಲ್ಲರೂ ಕಾಯ್ತಿದ್ದಿದ್ದು ಕುತ್ತಿಗೆ ಜೋಡಣೆ ಲೀಕ್ ಆಗ್ದಿರಲಿ ಅಂತ. ದಿನಾ ಬ್ಯಾಂಡೇಜ್ ಎತ್ತಿ ನೋಡೋರು, ಜ್ವರ ಇದ್ಯಾ, ಗಾಯದ ಸುತ್ತ ಕೆಂಪಗಿದ್ಯಾ, ಎಂಜಲು ಥರ ಏನಾದ್ರೂ ಒಸರ್ತಿದ್ಯಾ. ಕುತ್ತಿಗೇಲಿ ಲೀಕ್ ಆಗೋ ಸಾಧ್ಯತೆ ಎದೆ ಒಳಗಿನ ಜೋಡಣೆಗಿಂತ ಸ್ವಲ್ಪ ಹೆಚ್ಚು, ಆದ್ರೆ ಆದ್ರೂ ಹೊರಗೆ ಹರಿಯುತ್ತೆ, ನಿಭಾಯಿಸ್ಬಹುದು, ಎದೆ ಒಳಗೆ ಆದ್ರೆ ಜೀವಕ್ಕೇ ಅಪಾಯ ಅಂತ ವಿವರಿಸಿದ್ರು. ಪೈಪಲ್ಲಿ ಊಟ ಶುರುವಾದ ಮೇಲೆ ಎದೆ ಡ್ರೈನಿನ ನೀರು ಹಾಲಿನ ಬಣ್ಣಕ್ಕೆ ತಿರುಗ್ತಾ ಅಂತನೂ ನೋಡ್ತಿದ್ರು, ಎದೆಲಿ ಕೊಬ್ಬು ಸಾಗಿಸೋ ಒಂದು ನಾಳ ಇದ್ಯಂತೆ, ಅದಕ್ಕೆ ಪೆಟ್ಟು ಬಿದ್ರೆ ಹಂಗಾಗುತ್ತೆ. ಅಮ್ಮಂಗೆ ದೇವರ ದಯೆ ಎರಡೂ ಆಗಲಿಲ್ಲ. ಆಗಿದ್ದು ದನಿ. ಧ್ವನಿಪೆಟ್ಟಿಗೆಗೆ ಹೋಗೋ ನರ ಗಡ್ಡೆ ಪಕ್ಕದಲ್ಲೇ ಹಾದುಹೋಗುತ್ತೆ, ಅಲ್ಲಿನ ಗ್ರಂಥಿ ತೆಗೆಯುವಾಗ ಅದು ಸುಸ್ತಾಗುತ್ತೆ, ಸುಮಾರು ವಾರ ಗೊಗ್ಗರು ದನಿಲಿ ಮಾತಾಡ್ತಿದ್ಲು, ನೀರು ಕುಡಿಯುವಾಗ ಕೆಮ್ಮು ಬರ್ತಿತ್ತು. ಗದ್ದನ ಎದೆಗೆ ತಾಗಿಸಿ ನುಂಗೋ ಅಭ್ಯಾಸ ಮಾಡಿಸಿದ್ರು, ನಿಧಾನಕ್ಕೆ ಸರಿ ಹೋಯ್ತು.

ಪಕ್ಕದ ಬೆಡ್‌ನಲ್ಲಿದ್ದ ಹಾಸನದ ಯಜಮಾನರಿಗೂ ಕೀಹೋಲ್ ಆಪರೇಷನ್ನೇ, ಆದ್ರೆ ಅವರದ್ದು ಜಠರದ ಗೋಡೆಯಲ್ಲಿ ಬೆಳೆಯೋ ಜಿಸ್ಟ್ ಅನ್ನೋ ಗಡ್ಡೆ. ಆ ಜಾತಿ ಗಡ್ಡೆ ಗ್ರಂಥಿಗಳಿಗೆ ಹರಡೋದು ಅಪರೂಪ, ಹಂಗಾಗಿ ಗಡ್ಡೆ ಇರೋ ತುಂಡನ್ನಷ್ಟೇ ಕತ್ತರಿಸಿ ಚೀಲದಲ್ಲಿ ಹಾಕಿ ಹೊರಗೆ ತೆಗೀತಾರೆ, ಒಡೀದಂಗೆ. ಅವರು ನಾವು ಇನ್ನೂ ಡ್ರೈನು ನೋಡ್ಕೊಂಡು ಕೂತಿದ್ದಾಗಲೇ ಮನೆಗೆ ಹೊರಟ್ರು. ಅದಕ್ಕೇ ಹೇಳೋದು, "ನಮ್ಮ ಚಿಕ್ಕಪ್ಪಂಗೂ ಲ್ಯಾಪ್ರೋಸ್ಕೋಪಿ ಆಗಿತ್ತು, ಮೂರೇ ದಿನ" ಅನ್ನೋ ಮಾತು ಕೇಳ್ಕೊಂಡು ಲೆಕ್ಕ ಹಾಕ್ಬೇಡಿ, ಯಾವ ಗಡ್ಡೆ ಎಲ್ಲಿದೆ ಅನ್ನೋದರ ಮೇಲೆ ಎಲ್ಲ ಇದೆ.

ಇನ್ನೊಂದು ಆಸ್ಪತ್ರೆಲಿ ಸೆಕೆಂಡ್ ಒಪಿನಿಯನ್‌ಗೆ ಹೋದಾಗ ರೋಬೋಟ್ ಸರ್ಜರಿ ಮಾಡಿಸಿ ಅಂತ ಜಾಸ್ತಿ ದುಡ್ಡಿಗೆ ಹೇಳಿದ್ರು. ರೋಬೋಟ್ ಕೆಟ್ಟದ್ದಲ್ಲ, ಬಗ್ಗಿ ತಿರುಗೋ ಕೈಗಳು, ಎದೆಯ ಮೇಲ್ಭಾಗದ ಇಕ್ಕಟ್ಟಲ್ಲಿ ಅನುಕೂಲನೇ. ಆದ್ರೆ ಚೀನಾದಲ್ಲಿ ರೋಬೋಟನ್ನ ಮಾಮೂಲಿ ಕೀಹೋಲ್ ಜೊತೆ ಹೋಲಿಸಿ 2022ರಲ್ಲಿ ಪ್ರಕಟಿಸಿದ ಟ್ರಯಲ್‌ನಲ್ಲಿ ಆಪರೇಷನ್ ಟೈಮ್ ಕಮ್ಮಿ ಆಯ್ತು, ತೊಡಕುಗಳು ಹೆಚ್ಚುಕಮ್ಮಿ ಸಮನೇ ಇದ್ವು. ನಮಗಿದ್ದ ದುಡ್ಡಲ್ಲಿ ನಾವು ಮಾಮೂಲಿ ಕೀಹೋಲೇ ಆರಿಸ್ಕೊಂಡ್ವಿ, ಅದೇ ಸರಿ ಅನ್ಸುತ್ತೆ. ಯಂತ್ರಕ್ಕಿಂತ ಮುಖ್ಯ ಆ ತಂಡ ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೆ ಅನ್ನೋದು. ನೆದರ್ಲೆಂಡ್ಸ್‌ನಲ್ಲಿ ಒಂದು ಆಸ್ಪತ್ರೆ ವರ್ಷಕ್ಕೆ ಕನಿಷ್ಠ 20 ಅನ್ನನಾಳದ ಆಪರೇಷನ್ ಮಾಡ್ಲೇಬೇಕು ಅನ್ನೋ ನಿಯಮನೇ ಇಟ್ಟಿದ್ದಾರೆ. ನಮ್ಮಲ್ಲಿ ಅಂಥ ನಿಯಮ ಇಲ್ಲ, ನಾವೇ ಬಾಯಿಬಿಟ್ಟು ಕೇಳ್ಬೇಕು. ಎಷ್ಟು ಮಾಡಿದ್ದೀರಿ, ಎಷ್ಟು ಜನಕ್ಕೆ ಲೀಕ್ ಆಯ್ತು, ಮಧ್ಯದಲ್ಲಿ ಓಪನ್ ಮಾಡ್ಬೇಕಾಗಿ ಬಂದಿದ್ದು ಎಷ್ಟು, ರಾತ್ರಿ ಎರಡು ಗಂಟೆಗೆ ಉಸಿರು ಕೆಟ್ರೆ ಯಾರು ಬರ್ತಾರೆ. ನಮ್ಮ ಸರ್ಜನ್ ಬೇಜಾರಿಲ್ಲದೆ ಎಲ್ಲಕ್ಕೂ ಉತ್ತರ ಕೊಟ್ರು, ನಡುವೆ ರಕ್ತಸ್ರಾವ ಆದ್ರೆ ಅಥವಾ ಗಡ್ಡೆ ಅಂಟಿಕೊಂಡಿದ್ರೆ ಓಪನ್ ಮಾಡ್ತೀವಿ, ಅದು ಸೋಲಲ್ಲ, ಅಮ್ಮನ ಸುರಕ್ಷತೆ ಅಂದ್ರು. ಈ ಪ್ರಶ್ನೆಗಳಿಗೆ ಸಿಟ್ಟಾಗೋ ಡಾಕ್ಟರ್ ಸಿಕ್ಕಿದ್ರೆ ಬೇರೆ ಕಡೆ ನೋಡಿ.

ಈಗ ಮಾರ್ಕ್ಸ್ ಕಟ್ ಮಾಡಿದ ವಿಷಯ. ಡಿಸ್ಚಾರ್ಜ್ ದಿನ ಡಯಟಿಷಿಯನ್ ಕೊಟ್ಟ ಚಾರ್ಟ್ ಇಂಗ್ಲಿಷ್‌ನಲ್ಲಿತ್ತು, ಅದರಲ್ಲಿ ಓಟ್ಸು, ಸೂಪು, ಕಸ್ಟರ್ಡು. ನಮ್ಮಮ್ಮಂಗೆ ಇದ್ಯಾವುದೂ ಗೊತ್ತಿಲ್ಲ. ಅಂಬಲಿ ಕೊಡ್ಬಹುದಾ, ರಾಗಿ ಗಂಜಿನ ಊಟದ ಪೈಪಲ್ಲಿ ಬಿಡ್ಬಹುದಾ ಅಂತ ಕೇಳಿದ್ರೆ ಡಬ್ಬಿ ಪೌಡರ್ ಹೆಸರು ಬರೆದುಕೊಟ್ರು. ಕೊನೆಗೆ ಆ ಹಿರಿಯ ಸಿಸ್ಟರೇ ದಾರಿ ತೋರಿಸಿದ್ದು: ರಾಗಿ ಹಾಲು ತೆಳ್ಳಗೆ ಕಾಯಿಸಿ, ಬಿಳಿ ಪಂಚೆ ಬಟ್ಟೇಲಿ ಎರಡು ಸಲ ಸೋಸಿ, ಆರಿಸಿ, ಸಿರಿಂಜಲ್ಲಿ ನಿಧಾನಕ್ಕೆ ಬಿಡಿ, ಪ್ರತಿ ಸಲ ಮುಂಚೆ ಮತ್ತು ಆಮೇಲೆ ಉಗುರುಬೆಚ್ಚಗಿನ ನೀರು ಹಾಯಿಸಿ, ಮಾತ್ರೆ ಪುಡಿ ಮಾಡಿದ್ದು ಸರಿಯಾಗಿ ಕರಗದೆ ಬಿಟ್ರೆ ಪೈಪು ಕಟ್ಟಿಕೊಳ್ಳುತ್ತೆ, ಹುಷಾರು. ಬಾಯಲ್ಲಿ ಊಟ ಶುರು ಆದ್ಮೇಲಿನದ್ದೂ ಇದೇ ಕಥೆ. ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ, ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡೀಬೇಕು, ತಿಂದ ತಕ್ಷಣ ಮಲಗೋ ಹಾಗಿಲ್ಲ, ರಾತ್ರಿ ತಲೆ ಕಡೆ ಎತ್ತರ ಮಾಡಿ ಮಲಗ್ಬೇಕು, ಯಾಕಂದ್ರೆ ಹೊಟ್ಟೆ ಬಾಯಿ ಮುಚ್ಚೋ ಕವಾಟ ಈಗಿಲ್ಲ, ಬಗ್ಗಿದ್ರೂ ಹುಳಿ ಮೇಲಕ್ಕೆ ಬರುತ್ತೆ. ನಾವು ಮಂಚದ ತಲೆದೆಸೆ ಕಾಲುಗಳ ಕೆಳಗೆ ಇಟ್ಟಿಗೆ ಇಟ್ವಿ.

ಯುಗಾದಿಗೆ ಅಮ್ಮ ಆಸೆ ಪಟ್ಟು ಒಂದು ಒಬ್ಬಟ್ಟು ಖಾಲಿ ಹೊಟ್ಟೆಲಿ ತಿಂದ್ಲು. ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವರು, ಎದೆ ಡವಡವ, ಹೊಟ್ಟೆ ನುಲಿತ, ಮನೆಯೆಲ್ಲ ಹಾರ್ಟ್ ಅಟ್ಯಾಕ್ ಅಂತ ಗಾಬರಿ. ಫೋನ್ ಮಾಡಿದ್ರೆ ಅದು ಡಂಪಿಂಗ್ ಅಂತೆ, ಸಿಹಿ ಜಠರದಲ್ಲಿ ನಿಲ್ಲದೆ ನೇರ ಕರುಳಿಗೆ ಸುರಿದಾಗ ಹೀಗಾಗುತ್ತೆ. ಇಷ್ಟು ಮುಖ್ಯವಾದ್ದನ್ನ ಆ ಚಾರ್ಟಲ್ಲಿ ಎರಡು ಸಾಲು ಕನ್ನಡದಲ್ಲಿ ಬರೆದಿದ್ರೆ ಏನು ಹೋಗ್ತಿತ್ತು. ಅಷ್ಟು ನಾಜೂಕಾಗಿ ಆಪರೇಷನ್ ಮಾಡೋ ಆಸ್ಪತ್ರೆ, ಮನೆಲಿ ಸೌಟು ಹಿಡಿಯೋರಿಗೆ ಅರ್ಥ ಆಗೋ ಭಾಷೇಲಿ ಒಂದು ಹಾಳೆ ಕೊಡಲ್ಲ ಅಂದ್ರೆ ಅದನ್ನ ನಾನು ಸಣ್ಣ ಲೋಪ ಅನ್ನಲ್ಲ. ಅದೇ ರೀತಿ ಒಂದೆರಡು ತಿಂಗಳಾದ ಮೇಲೆ ಮತ್ತೆ ನುಂಗೋದು ಕಷ್ಟ ಆದಾಗ ಕ್ಯಾನ್ಸರ್ ವಾಪಸ್ ಬಂತು ಅಂತ ಅತ್ತಿದ್ದೇ ಅತ್ತಿದ್ದು. ನೋಡಿದ್ರೆ ಜೋಡಣೆ ಜಾಗ ಕಿರಿದಾಗಿತ್ತು ಅಷ್ಟೇ, ಇದು ತುಂಬಾ ಜನಕ್ಕೆ ಆಗುತ್ತಂತೆ, ಎಂಡೋಸ್ಕೋಪಿಲಿ ಬಲೂನ್ ಹಾಕಿ ಹಿಗ್ಗಿಸಿದ್ರು, ಅವತ್ತೇ ಮನೆಗೆ ಬಂದ್ವಿ.

ಆಪರೇಷನ್‌ನಲ್ಲಿ ತೆಗೆದ ಭಾಗದ ಬಯಾಪ್ಸಿ ರಿಪೋರ್ಟ್ ಬಗ್ಗೆ ಚಿಕ್ಕದಾಗಿ. ಅದರಲ್ಲಿ ಎರಡು ನೋಡಿ: ಕತ್ತರಿಸಿದ ಅಂಚುಗಳಲ್ಲಿ ಕ್ಯಾನ್ಸರ್ ಇದ್ಯಾ ಇಲ್ವಾ, ಮತ್ತೆ ಎಷ್ಟು ಗ್ರಂಥಿ ತೆಗೆದು ಪರೀಕ್ಷೆ ಮಾಡಿದ್ದಾರೆ. ಕನಿಷ್ಠ 15 ಇರ್ಬೇಕು ಅನ್ನೋದು ರೂಢಿ. ಅಮ್ಮಂದು ಅಂಚು ಕ್ಲೀನ್, ಗ್ರಂಥಿನೂ ಬೇಕಾದಷ್ಟು ಬಂದಿತ್ತು, ಕೀಹೋಲ್‌ನಲ್ಲಿ ಸರಿಯಾಗಿ ಕೆರೆಯೋಕಾಗಲ್ಲ ಅಂತ ನಮ್ಮ ಭಾವ ಅನುಮಾನ ಪಟ್ಟಿದ್ರು, ಅವರಿಗೆ ಆ ರಿಪೋರ್ಟೇ ತೋರಿಸಿದೆ.

ಕೊನೆಗೆ ದುಡ್ಡು. ಎಸ್ಟಿಮೇಟ್ ಕೊಡುವಾಗ ಸ್ಟೇಪ್ಲರ್ ಕಾರ್ಟ್ರಿಡ್ಜ್‌ಗಳ ಲೆಕ್ಕನ ಬೇರೆ ಹೇಳಲಿಲ್ಲ. ಜಠರನ ಕೊಳವೆ ಮಾಡೋಕೆ ಒಂದಾದ ಮೇಲೊಂದು ಕಾರ್ಟ್ರಿಡ್ಜ್ ಬೇಕು, ಒಂದೊಂದೂ ಒಂದೇ ಸಲ ಬಳಸೋದು, ರಕ್ತನಾಳ ಸುಟ್ಟು ಕತ್ತರಿಸೋ ಉಪಕರಣನೂ ದುಬಾರಿ, ಕೊನೇ ಬಿಲ್‌ನಲ್ಲಿ ಎಲ್ಲ ಸಾಲುಸಾಲಾಗಿ ಬಂದಾಗ ತಮ್ಮ ರಾತ್ರೋರಾತ್ರಿ ಸೊಸೈಟಿಲಿ ಸಾಲಕ್ಕೆ ಓಡಾಡ್ಬೇಕಾಯ್ತು. ಹಂಗಾಗಿ ಅಡ್ಮಿಟ್ ಆಗೋ ಮುಂಚೆನೇ "ಕನ್ಸ್ಯೂಮಬಲ್ಸ್ ಸೇರಿಸಿ ಎಷ್ಟು" ಅಂತ ಬರವಣಿಗೇಲಿ ತಗೊಳ್ಳಿ, ಇನ್ಶೂರೆನ್ಸ್ ಇದ್ರೆ ಅವು ಕವರ್ ಆಗುತ್ತಾ ಅಂತನೂ ಕೇಳಿ. ಬಿಪಿಎಲ್ ಕಾರ್ಡ್ ಇರೋರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೇಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30%. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು, ಹಂಗಾಗಿ ಪ್ರೈವೇಟ್‌ಗೆ ಕಾಲಿಡೋ ಮೊದಲೇ ಜಿಲ್ಲಾಸ್ಪತ್ರೆಗೆ ಹೋಗಿ ಕಾಗದ ಮಾಡಿಸ್ಕೊಳ್ಳಿ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಸರ್ಕಾರದ್ದೇ, ಅಲ್ಲಿ ರಷ್ ಇರುತ್ತೆ, ಆದ್ರೆ ಕೀಮೋ ರೇಡಿಯೇಷನ್ ಸರ್ಜರಿ ಮೂರೂ ಒಂದೇ ಆವರಣದಲ್ಲಿ ಸಿಗುತ್ತೆ, ಅಲ್ಲಿಯೂ ಒಮ್ಮೆ ತೋರಿಸಿ ಆಮೇಲೆ ನಿರ್ಧಾರ ಮಾಡಿ. ಆಧಾರ್, ರೇಷನ್ ಕಾರ್ಡ್, ಎಂಡೋಸ್ಕೋಪಿ ರಿಪೋರ್ಟು, ಬಯಾಪ್ಸಿ ರಿಪೋರ್ಟು ಜೊತೆಗೆ ಬಯಾಪ್ಸಿಯ ಬ್ಲಾಕ್ (ಮೇಣದಲ್ಲಿ ಕೂರಿಸಿಟ್ಟ ಗಡ್ಡೆಯ ತುಂಡು), ಇಷ್ಟನ್ನೂ ಒಂದೇ ಫೈಲಲ್ಲಿ ಇಟ್ಕೊಂಡು ಹೋಗಿ, ಬ್ಲಾಕ್ ಇಲ್ಲದೆ ಹೋದ್ರೆ ಇನ್ನೊಂದು ಕಡೆ ಮತ್ತೆ ಎಂಡೋಸ್ಕೋಪಿ ಮಾಡಿಸೋ ಪರಿಸ್ಥಿತಿ ಬರ್ಬಹುದು.